ಸ್ವಂತ ಇನ್‌ಸ್ಟಾಲೇಶನ್ ಡಿಸ್ಕ್ ತಯಾರಿಸುವ ಸ್ಕ್ರಿಪ್ಟ್‌ಗಳು: ಕೆಟ್ಟಾಗ ಸರಿಪಡಿಸಲು ಯಾವುದು ಸುಲಭ?

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಸುತ್ತಮುತ್ತ ಕಂಪ್ಯೂಟರ್ ರಿಪೇರಿ ಮಾಡುವವರಿಗೂ, ಧಾರವಾಡದ ಕಾಲೇಜುಗಳಲ್ಲಿ ಲ್ಯಾಬ್ ನೋಡಿಕೊಳ್ಳುವವರಿಗೂ, ಗದಗಿನ ಮುದ್ರಣಾಲಯಗಳ ಮತ್ತು ಬ್ಯಾಡಗಿಯ ದಲಾಲಿ ಅಂಗಡಿಗಳ ಕಂಪ್ಯೂಟರುಗಳನ್ನು ಸಂಭಾಳಿಸುವವರಿಗೂ ಒಂದು ಅಗತ್ಯ ಸಮಾನವಾಗಿದೆ. ಒಂದೇ ಆಪರೇಟಿಂಗ್ ಸಿಸ್ಟಂ, ಒಂದೇ ಬಗೆಯ ಸೆಟ್ಟಿಂಗ್, ಕನ್ನಡ ಫಾಂಟ್, ಕನ್ನಡ ಕೀಲಿಮಣೆ, ಪ್ರಿಂಟರ್ ಡ್ರೈವರ್ ಎಲ್ಲವನ್ನೂ ಹತ್ತಾರು ಯಂತ್ರಗಳಲ್ಲಿ ಕೂರಿಸಬೇಕು. ಪ್ರತಿಯೊಂದರ ಮುಂದೆ ಕುಳಿತು ಅದೇ ಪ್ರಶ್ನೆಗಳಿಗೆ ಅದೇ ಉತ್ತರ ಕೊಡುತ್ತಾ ದಿನ ಕಳೆಯಬಾರದು. ಇದಕ್ಕಾಗಿ ಮೂಲ ಐಎಸ್‌ಒ ಕಡತವನ್ನು, ಅಂದರೆ ಇಡೀ ಇನ್‌ಸ್ಟಾಲೇಶನ್ ಡಿಸ್ಕಿನ ಪ್ರತಿಯನ್ನು, ಬದಲಿಸಿ ಸ್ವಂತ ಡಿಸ್ಕ್ ಕಟ್ಟಿಕೊಡುವ ಸ್ಕ್ರಿಪ್ಟ್‌ಗಳು (ಒಂದರ ಹಿಂದೊಂದು ಓಡುವ ಆಜ್ಞೆಗಳ ಕಡತಗಳು) ಬೇಕಾದಷ್ಟು ಸಿಗುತ್ತವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲಂತೂ ಹಳೆಯ ಯಂತ್ರಗಳಿಗೆ ಲಿನಕ್ಸ್ ಹಾಕೋಣವೇ, ಹೊಸದಕ್ಕೆ ವಿಂಡೋಸ್ 11 ಹಾಕೋಣವೇ ಎಂಬ ಪ್ರಶ್ನೆಯ ಜೊತೆಗೆ ಈ ಸ್ಕ್ರಿಪ್ಟ್‌ಗಳ ಹುಡುಕಾಟವೂ ಹೆಚ್ಚಿದೆ.

ಇವುಗಳನ್ನು ಹೋಲಿಸುವವರು ಸಾಮಾನ್ಯವಾಗಿ ಯಾವುದು ಏನೇನು ಸೇರಿಸಬಲ್ಲದು, ಎಷ್ಟು ವೇಗವಾಗಿ ಕಟ್ಟುತ್ತದೆ, ಪರದೆ ಎಷ್ಟು ಚೆಂದ ಎಂದು ನೋಡುತ್ತಾರೆ. ಈ ಬರಹದ ಅಳತೆಗೋಲು ಬೇರೆ: ಕೆಟ್ಟಾಗ ಎಲ್ಲಿ ಕೆಟ್ಟಿತೆಂದು ಯಾವ ವಿಧಾನ ಬೇಗ ತೋರಿಸಿಕೊಡುತ್ತದೆ? ಇನ್‌ಸ್ಟಾಲರುಗಳು ಪ್ರತಿ ಆವೃತ್ತಿಯಲ್ಲೂ ಒಳಗೊಳಗೇ ಬದಲಾಗುತ್ತವೆ, ಹೋದ ವರ್ಷ ನಡೆದ ಸ್ಕ್ರಿಪ್ಟ್ ಈ ವರ್ಷ ನಡೆಯುವುದಿಲ್ಲ, ಅದನ್ನು ಬರೆದ ಹುಡುಗ ಅಷ್ಟರಲ್ಲಿ ಬೆಂಗಳೂರಿಗೆ ಹೋಗಿರುತ್ತಾನೆ. ಆದ್ದರಿಂದ ಮೂಲ ಡಿಸ್ಕನ್ನು ಎಷ್ಟು ಕಡಿಮೆ ಮುಟ್ಟುತ್ತೀರೋ ಅಷ್ಟು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಹೆಚ್ಚು ಮುಟ್ಟಲೇಬೇಕಾದ ಸಂದರ್ಭಗಳೂ ಇವೆ, ಅವನ್ನೂ ಕೆಳಗೆ ಹೇಳಿದ್ದೇನೆ.

ಮೊದಲು ರೋಗ ಯಾವ ಹಂತದ್ದೆಂದು ತಿಳಿಯಬೇಕು

"ಡಿಸ್ಕ್ ಬೂಟ್ ಆಗವಲ್ದ್ರೀ" ಎಂದು ಯಾರಾದರೂ ಹೇಳಿದರೆ ಆ ಒಂದು ಮಾತಿನಲ್ಲಿ ನಾಲ್ಕು ಬೇರೆ ಬೇರೆ ದೋಷಗಳು ಅಡಗಿರಬಹುದು. ಸ್ಕ್ರಿಪ್ಟ್ ಕಟ್ಟುವಾಗಲೇ ನಿಂತಿರಬಹುದು. ಐಎಸ್‌ಒ ತಯಾರಾಗಿಯೂ ಯಂತ್ರ ಅದನ್ನು ಬೂಟ್ ಮಾಡದಿರಬಹುದು. ಬೂಟ್ ಆದ ಮೇಲೆ ಇನ್‌ಸ್ಟಾಲರ್ ನಾವು ಬರೆದಿಟ್ಟ ಉತ್ತರಗಳನ್ನು ಓದದೆ ಮತ್ತೆ ಪ್ರಶ್ನೆ ಕೇಳುತ್ತಿರಬಹುದು. ಅಥವಾ ಎಲ್ಲವೂ ಮುಗಿದ ಮೇಲೆ ಕನ್ನಡ ಫಾಂಟೋ ಪ್ರಿಂಟರೋ ಕಾಣದಿರಬಹುದು. ಈ ನಾಲ್ಕನ್ನೂ ಬೇರ್ಪಡಿಸದೆ ಸ್ಕ್ರಿಪ್ಟಿಗೆ ಕೈ ಹಾಕಿದರೆ ಸರಿಯಿದ್ದ ಭಾಗವೂ ಕೆಡುತ್ತದೆ.

ಎರಡನೆಯ ಹಂತದ ದೋಷ ಅರ್ಥವಾಗಬೇಕಾದರೆ ಬೂಟ್ ಆಗುವ ಐಎಸ್‌ಒದಲ್ಲಿ ಮೂರು ದಾರಿಗಳಿರುತ್ತವೆ ಎಂಬುದು ಗೊತ್ತಿರಬೇಕು. ಬಯೋಸ್ (ಯಂತ್ರವನ್ನು ಎಬ್ಬಿಸುವ ಮೊದಲ ತಂತ್ರಾಂಶ) ಇರುವ ಹಳೆಯ ಯಂತ್ರಗಳು ಡಿಸ್ಕಿನಿಂದ ಬೂಟ್ ಆಗುವುದು ಫೀನಿಕ್ಸ್ ಮತ್ತು ಐಬಿಎಂ 1995ರಲ್ಲಿ ಪ್ರಕಟಿಸಿದ ಎಲ್ ಟೊರಿಟೊ ವಿಧಾನದ ಮೂಲಕ. ಬಯೋಸಿನ ಜಾಗಕ್ಕೆ ಬಂದ ಯುಇಎಫ್‌ಐ ಇರುವ ಯಂತ್ರಗಳು ಎಲ್ ಟೊರಿಟೊದ ಬೂಟ್ ಪಟ್ಟಿಯಲ್ಲೇ ತಮಗಾಗಿ ಇಟ್ಟ ಒಂದು ಪುಟ್ಟ ಫ್ಯಾಟ್ ಇಮೇಜನ್ನು (ಫ್ಯಾಟ್ ರೂಪದ ಡಿಸ್ಕಿನ ಪ್ರತಿಯನ್ನು) ಹುಡುಕುತ್ತವೆ. ಅದೇ ಐಎಸ್‌ಒವನ್ನು ಪೆನ್‌ಡ್ರೈವಿಗೆ ನೇರವಾಗಿ ಬರೆದಾಗ ಬೂಟ್ ಆಗಬೇಕಾದರೆ ಮೊದಲ ಸೆಕ್ಟರಿನಲ್ಲಿ ಹಾರ್ಡ್‌ಡಿಸ್ಕಿನಂತೆಯೇ ಎಂಬಿಆರ್ (ಬೂಟ್ ಶುರು ಮಾಡುವ ದಾಖಲೆ) ಇರಬೇಕು. ಸ್ಕ್ರಿಪ್ಟ್ ಇವುಗಳಲ್ಲಿ ಒಂದನ್ನು ಮರೆತರೂ ಡಿಸ್ಕ್ ಒಂದು ಯಂತ್ರದಲ್ಲಿ ನಡೆದು ಇನ್ನೊಂದರಲ್ಲಿ ನಡೆಯುವುದಿಲ್ಲ. ಡಿವಿಡಿಯಲ್ಲಿ ನಡೆದು ಪೆನ್‌ಡ್ರೈವಿನಲ್ಲಿ ನಡೆಯದಿದ್ದರೆ ಎಂಬಿಆರ್ ಕಾಣೆಯಾಗಿದೆ, ಹೊಸ ಲ್ಯಾಪ್‌ಟಾಪಿನಲ್ಲಿ ಮಾತ್ರ ನಡೆಯದಿದ್ದರೆ ಯುಇಎಫ್‌ಐ ಭಾಗ ಬಿಟ್ಟುಹೋಗಿದೆ ಅಥವಾ ಸಹಿ ಇಲ್ಲದ್ದನ್ನು ಬೂಟ್ ಮಾಡಲು ಬಿಡದ ಸೆಕ್ಯೂರ್ ಬೂಟ್ ತಡೆದಿದೆ ಎಂದು ಮೊದಲ ಅಂದಾಜು ಮಾಡಬಹುದು.

ಡಿಸ್ಕನ್ನು ಮುಟ್ಟದೆ ಉತ್ತರಗಳನ್ನು ಮಾತ್ರ ಪಕ್ಕದಲ್ಲಿಡುವುದು

ಬಹುಮಂದಿಗೆ ಬೇಕಾಗಿರುವುದು ಹೊಸ ಡಿಸ್ಕಲ್ಲ, ಪ್ರಶ್ನೆಗಳಿಗೆ ಸಿದ್ಧ ಉತ್ತರ. ಉಬುಂಟು ಲಿನಕ್ಸಿನ ಸರ್ವರ್ ಆವೃತ್ತಿ 20.04ರಿಂದ ಆಟೊಇನ್‌ಸ್ಟಾಲ್ ಎಂಬ ವ್ಯವಸ್ಥೆ ಬಂದಿದೆ, ಡೆಸ್ಕ್‌ಟಾಪ್ ಆವೃತ್ತಿಗೆ ಅದು 23.04ರಲ್ಲಿ ಬಂತು. ಇದಕ್ಕೆ ಬೇಕಾದ ಯೂಸರ್-ಡೇಟಾ, ಮೆಟಾ-ಡೇಟಾ ಎಂಬ ಎರಡು ಕಡತಗಳನ್ನು ಇನ್ನೊಂದು ಚಿಕ್ಕ ಪೆನ್‌ಡ್ರೈವಿನಲ್ಲಿ ಹಾಕಿ, ಆ ಪೆನ್‌ಡ್ರೈವಿಗೆ 'ಸಿಐಡೇಟಾ' ಎಂದು ಲೇಬಲ್ ಕೊಟ್ಟರೆ ಸಾಕು. ಮೂಲ ಡಿಸ್ಕಿನಿಂದ ಬೂಟ್ ಆದ ಇನ್‌ಸ್ಟಾಲರ್ ತಾನೇ ಅದನ್ನು ಹುಡುಕಿಕೊಳ್ಳುತ್ತದೆ. ಬೂಟ್ ಸಾಲಿನಲ್ಲಿ (ಬೂಟ್ ಆಗುವಾಗ ಲಿನಕ್ಸಿನ ತಿರುಳಾದ ಕರ್ನೆಲಿಗೆ ಕೊಡುವ ಸಾಲು) 'ಆಟೊಇನ್‌ಸ್ಟಾಲ್' ಎಂಬ ಪದ ಇಲ್ಲದಿದ್ದರೆ ಹಾರ್ಡ್‌ಡಿಸ್ಕ್ ಅಳಿಸುವ ಮೊದಲು ಅದು ಒಮ್ಮೆ ಮುಂದುವರಿಯಲೇ ಎಂದು ಕೇಳುತ್ತದೆ. ಕೆಲವರಿಗೆ ಇದು ಕಿರಿಕಿರಿಯಾಗುತ್ತದೆ, ಆದರೆ ಯಾರದೋ ವರ್ಷಗಳ ಲೆಕ್ಕಪತ್ರ ಇರುವ ಯಂತ್ರಕ್ಕೆ ತಪ್ಪಿ ಆ ಪೆನ್‌ಡ್ರೈವ್ ಚುಚ್ಚುವ ಸಾಧ್ಯತೆ ಇರುವ ಅಂಗಡಿಯಲ್ಲಿ ನಾನು ಆ ಪ್ರಶ್ನೆಯನ್ನು ತೆಗೆಯುವುದಿಲ್ಲ.

ಈ ವಿಧಾನ ಕೆಡುವ ಬಗೆಗಳು ಬೆರಳೆಣಿಕೆಯಷ್ಟು. ಯೂಸರ್-ಡೇಟಾ ಕಡತದ ಮೊದಲ ಸಾಲು ಹ್ಯಾಶ್ ಚಿಹ್ನೆಯೊಂದಿಗೆ (#) 'ಕ್ಲೌಡ್-ಕಾನ್ಫಿಗ್' ಎಂದೇ ಇರಬೇಕು, ಇಲ್ಲದಿದ್ದರೆ ಇಡೀ ಕಡತವನ್ನು ಓದದೆ ಬಿಡಲಾಗುತ್ತದೆ. ಮೆಟಾ-ಡೇಟಾ ಖಾಲಿ ಇದ್ದರೂ ಇರಲೇಬೇಕು. ಇದು ಯಾಮಲ್ ಎಂಬ ಸೆಟ್ಟಿಂಗ್ ಬರೆಯುವ ರೂಪದಲ್ಲಿರುವುದರಿಂದ ಸಾಲಿನ ಆರಂಭದಲ್ಲಿ ಟ್ಯಾಬ್ ಒತ್ತುವಂತಿಲ್ಲ, ಸ್ಪೇಸ್ ಮಾತ್ರ. ಪಾಸ್‌ವರ್ಡನ್ನು ಹ್ಯಾಶ್ ಮಾಡಿಯೇ, ಅಂದರೆ ಮರಳಿ ಬಿಡಿಸಲಾಗದ ಸಂಕೇತವಾಗಿಸಿಯೇ ಬರೆಯಬೇಕು. ನೇರವಾಗಿ ಬರೆದರೆ ಇನ್‌ಸ್ಟಾಲ್ ಚೆನ್ನಾಗಿಯೇ ಮುಗಿದು ಲಾಗಿನ್ ಮಾತ್ರ ಆಗುವುದಿಲ್ಲ. ಕಡತವನ್ನು ತಿದ್ದಿ ಮತ್ತೆ ಚುಚ್ಚಿ ನೋಡುವುದಕ್ಕೆ ಎರಡು ನಿಮಿಷ ಸಾಕು, ಐಎಸ್‌ಒ ಮತ್ತೆ ಕಟ್ಟುವ ಗೋಜಿಲ್ಲ. ಈ ಒಂದು ಗುಣಕ್ಕಾಗಿಯೇ ಇದನ್ನು ಮೊದಲ ಆಯ್ಕೆಯೆಂದು ಇಡುತ್ತೇನೆ.

ವಿಂಡೋಸಿಗೂ ಇದೇ ಬಗೆಯ ದಾರಿಯಿದೆ. 'ಆಟೊಅನಟೆಂಡ್' ಎಂಬ ಎಕ್ಸ್‌ಎಂಎಲ್ ಕಡತವನ್ನು ಪೆನ್‌ಡ್ರೈವಿನ ಬೇರಿನಲ್ಲಿ, ಅಂದರೆ ಯಾವ ಫೋಲ್ಡರಿನ ಒಳಗೂ ಅಲ್ಲದೆ ಇಟ್ಟರೆ ಸೆಟಪ್ ಅದನ್ನು ತಾನಾಗಿ ಎತ್ತಿಕೊಳ್ಳುತ್ತದೆ. ಇದರಲ್ಲಿ ಬರೆಯುವ ಪಾಸ್‌ವರ್ಡ್ ಮರೆಮಾಡಿದಂತೆ ಕಂಡರೂ ಅದು ನಿಜವಾದ ಗೂಢಲಿಪಿಯಲ್ಲ, ಯಾರು ಬೇಕಾದರೂ ಬಿಡಿಸಬಹುದು. ಸಾಲದ್ದಕ್ಕೆ ಕಡತದ ಒಂದು ಪ್ರತಿ ಇನ್‌ಸ್ಟಾಲ್ ಆದ ಯಂತ್ರದಲ್ಲಿ ಸೆಟಪ್ ದಾಖಲೆಗಳಿರುವ ಪ್ಯಾಂಥರ್ ಫೋಲ್ಡರಿನಲ್ಲಿ ಉಳಿದುಕೊಳ್ಳುತ್ತದೆ. ಆದ್ದರಿಂದ ಕಚೇರಿಯ ನಿಜವಾದ ಪಾಸ್‌ವರ್ಡನ್ನು ಅದರಲ್ಲಿ ಬರೆಯಬಾರದು.

ಒಂದೇ ಪೆನ್‌ಡ್ರೈವಿನಲ್ಲಿ ಹಲವು ಐಎಸ್‌ಒಗಳನ್ನು ಕಡತಗಳಾಗಿಯೇ ಇಟ್ಟು ಬೂಟ್ ಮಾಡಿಸುವ ವೆಂಟಾಯ್ 2020ರಲ್ಲಿ ಬಂದದ್ದು, ಈಗ ರಿಪೇರಿಯವರ ಕಿಸೆಯಲ್ಲೆಲ್ಲ ಇದೆ. ಅದರ ಆಟೊ ಇನ್‌ಸ್ಟಾಲ್ ಪ್ಲಗಿನ್ ಮೂಲಕ ಯಾವ ಐಎಸ್‌ಒಗೆ ಯಾವ ಉತ್ತರ ಕಡತ ಎಂದು ಒಂದು ಜೇಸನ್ ಕಡತದಲ್ಲಿ ಬರೆದಿಡಬಹುದು. ಆದರೆ ಸೆಕ್ಯೂರ್ ಬೂಟ್ ಚಾಲೂ ಇರುವ ಯಂತ್ರದಲ್ಲಿ ಮೊದಲ ಸಲ ಅದರ ಕೀಲಿಯನ್ನು ನೋಂದಾಯಿಸಬೇಕಾಗುತ್ತದೆ. ಹತ್ತು ಬಗೆಯ ಯಂತ್ರಗಳಿಗೆ ಓಡಾಡುವವರಿಗೆ ಇದು ಅನುಕೂಲ, ಒಂದೇ ಮಾದರಿಯ ನಲವತ್ತು ಯಂತ್ರಗಳಿರುವ ಲ್ಯಾಬಿಗೆ ಅಷ್ಟೇನೂ ಅಗತ್ಯವಿಲ್ಲ.

ಮೂಲ ಐಎಸ್‌ಒಗೆ ತೇಪೆ ಹಾಕುವ ಸ್ಕ್ರಿಪ್ಟ್

ಎರಡು ಪೆನ್‌ಡ್ರೈವ್ ಹಿಡಿದು ಓಡಾಡುವುದು ಬೇಡ, ಎಲ್ಲವೂ ಒಂದರಲ್ಲೇ ಇರಲಿ ಎನ್ನುವವರು ಉತ್ತರ ಕಡತವನ್ನು ಐಎಸ್‌ಒ ಒಳಗೇ ಸೇರಿಸಿ, ಬೂಟ್ ಮೆನುವಿನ ಸಾಲನ್ನು ತಿದ್ದುತ್ತಾರೆ. ಹಳೆಯ ಪ್ರತಿಗಳಿಂದ ನಕಲು ಮಾಡಿದ ಸ್ಕ್ರಿಪ್ಟ್‌ಗಳು ಅತಿ ಹೆಚ್ಚು ಕೆಡುವುದು ಈ ಗುಂಪಿನಲ್ಲೇ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಈ ಗುಂಪಿನಲ್ಲಿ ಎರಡು ಶೈಲಿಗಳಿವೆ. ಹಳೆಯ ಶೈಲಿಯ ಸ್ಕ್ರಿಪ್ಟ್ ಐಎಸ್‌ಒವನ್ನು ಪೂರ್ತಿ ಒಂದು ಫೋಲ್ಡರಿಗೆ ಬಿಚ್ಚಿ, ತಿದ್ದಿ, 'ಜೆನ್‌ಐಸೊಇಮೇಜ್' ಅಥವಾ 'ಕ್ಸಾರಿಸೊ' ಎಂಬ ಐಎಸ್‌ಒ ಕಟ್ಟುವ ಸಾಧನದ ಮೂಲಕ ಮತ್ತೆ ಕಟ್ಟುತ್ತದೆ. ಬೂಟ್ ಭಾಗಗಳು ಎಲ್ಲಿವೆ ಎಂಬ ವಿವರಗಳನ್ನೆಲ್ಲ ಸ್ಕ್ರಿಪ್ಟ್ ಬರೆದವರೇ ಉದ್ದನೆಯ ಸಾಲಿನಲ್ಲಿ ಕೊಟ್ಟಿರುತ್ತಾರೆ. ಉಬುಂಟು 20.04ರವರೆಗೆ ಬಯೋಸ್ ಯಂತ್ರಗಳಿಗೆ ಐಸೊಲಿನಕ್ಸ್ ಎಂಬ ಬೂಟ್‌ಲೋಡರ್ (ಆಪರೇಟಿಂಗ್ ಸಿಸ್ಟಮನ್ನು ಎತ್ತಿ ಓಡಿಸುವ ಪುಟ್ಟ ಪ್ರೋಗ್ರಾಂ) ಬಳಕೆಯಲ್ಲಿತ್ತು. 20.10ರಿಂದ ಅದನ್ನು ತೆಗೆದು ಬಯೋಸಿಗೂ ಯುಇಎಫ್‌ಐಗೂ ಗ್ರಬ್ ಎಂಬ ಇನ್ನೊಂದು ಬೂಟ್‌ಲೋಡರನ್ನೇ ಇಟ್ಟರು. ಯುಇಎಫ್‌ಐ ಇಮೇಜ್ ಕೂಡ ಐಎಸ್‌ಒ ಒಳಗಿನ ಸಾಮಾನ್ಯ ಕಡತವಾಗಿ ಉಳಿಯದೆ ಕೊನೆಯಲ್ಲಿ ಅಂಟಿಸಿದ ಪ್ರತ್ಯೇಕ ಪಾರ್ಟಿಶನ್ ಆಯಿತು. ಹೀಗಾಗಿ 20.04ರ ಕಾಲದ ಸ್ಕ್ರಿಪ್ಟಿಗೆ 22.04 ಅಥವಾ 24.04ರ ಐಎಸ್‌ಒ ಕೊಟ್ಟರೆ ಐಸೊಲಿನಕ್ಸ್ ಫೋಲ್ಡರ್ ಸಿಗಲಿಲ್ಲವೆಂದು ನಿಲ್ಲುತ್ತದೆ. ಆ ಸಾಲನ್ನು ಅಳಿಸಿ ಮುಂದೆ ಹೋದವರಿಗೆ ಐಎಸ್‌ಒ ತಯಾರಾಗುತ್ತದೆ, ಆದರೆ ಬೂಟ್ ಆಗುವುದಿಲ್ಲ. ಏಕೆಂದರೆ ಮೌಂಟ್ ಮಾಡಿ (ಫೋಲ್ಡರಿನಂತೆ ತೆರೆದು) ನಕಲಿಸಿದ ಫೋಲ್ಡರಿನಲ್ಲಿ ಯುಇಎಫ್‌ಐ ಪಾರ್ಟಿಶನ್ ಬಂದೇ ಇರುವುದಿಲ್ಲ.

ಇಂಥ ಸ್ಕ್ರಿಪ್ಟನ್ನು ರಿಪೇರಿ ಮಾಡಬೇಕಾದರೆ ಅಂದಾಜಿನ ಮೇಲೆ ಹೋಗಬಾರದು. ಕ್ಸಾರಿಸೊಗೆ ಮೂಲ ಐಎಸ್‌ಒ ಕೊಟ್ಟು ಎಲ್ ಟೊರಿಟೊ ವರದಿಯನ್ನು 'ಆ್ಯಸ್ ಎಂಕೆಐಸೊಎಫ್‌ಎಸ್' ರೂಪದಲ್ಲಿ ಕೇಳಿದರೆ, ಆ ಡಿಸ್ಕನ್ನು ಮತ್ತೆ ಕಟ್ಟಲು ಯಾವ ಯಾವ ಆಯ್ಕೆಗಳು ಬೇಕೆಂದು ಅದೇ ಪಟ್ಟಿ ಮಾಡಿ ಕೊಡುತ್ತದೆ. ಲೇಬಲ್, ಎಂಬಿಆರ್ ಎಲ್ಲಿಂದ ಎತ್ತಬೇಕು, ಎರಡನೆಯ ಪಾರ್ಟಿಶನ್ ಎಷ್ಟು ದೊಡ್ಡದು ಎಂಬುದೆಲ್ಲ ಅದರಲ್ಲಿರುತ್ತದೆ. ಹಳೆಯ ಸ್ಕ್ರಿಪ್ಟಿನ ಉದ್ದ ಸಾಲನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ದೋಷ ಕಣ್ಣಿಗೆ ಕಾಣುತ್ತದೆ.

ಹೊಸ ಶೈಲಿ ಇದಕ್ಕಿಂತ ಸರಳ. ಏನನ್ನೂ ಬಿಚ್ಚದೆ, ಹಳೆಯ ಐಎಸ್‌ಒವನ್ನು 'ಇನ್‌ಡೆವ್' ಎಂದೂ ಹೊಸದನ್ನು 'ಔಟ್‌ಡೆವ್' ಎಂದೂ ಕೊಟ್ಟು, ಬೂಟ್ ಇಮೇಜ್ ಆಯ್ಕೆಗೆ 'ಎನಿ ರಿಪ್ಲೇ' ಎಂದು ಹೇಳಿ, ಬದಲಾಗಬೇಕಾದ ಎರಡು ಮೂರು ಕಡತಗಳನ್ನಷ್ಟೇ 'ಮ್ಯಾಪ್' ಮಾಡುವುದು. ಬೂಟ್ ಭಾಗಗಳನ್ನು ಕ್ಸಾರಿಸೊ ತಾನೇ ಇದ್ದಂತೆ ಮತ್ತೆ ಕೂರಿಸುತ್ತದೆ. ಹತ್ತು ಸಾಲಿನಲ್ಲಿ ಮುಗಿಯುವ ಈ ಸ್ಕ್ರಿಪ್ಟ್ ಆವೃತ್ತಿ ಬದಲಾದರೂ ಬಹುತೇಕ ನಡೆಯುತ್ತದೆ. ಇದರಲ್ಲಿ ಜನ ಎಡವುವ ಜಾಗ ಒಂದಿದೆ: ಮೊದಲ ಸಲ ಸರಿಯಾಗಿ ನಡೆದ ಸ್ಕ್ರಿಪ್ಟ್ ಎರಡನೆಯ ಸಲ ನಿಂತುಬಿಡುತ್ತದೆ. ಔಟ್‌ಡೆವ್ ಹೆಸರಿನ ಕಡತ ಹಿಂದಿನ ಸಲದ್ದು ಅಲ್ಲೇ ಇದ್ದರೆ, ಅದು ಖಾಲಿಯಿಲ್ಲವೆಂದು ಕ್ಸಾರಿಸೊ ಬರೆಯಲು ನಿರಾಕರಿಸುತ್ತದೆ. ಸ್ಕ್ರಿಪ್ಟಿನ ಆರಂಭದಲ್ಲೇ ಹಳೆಯ ಪ್ರತಿಯನ್ನು ಅಳಿಸುವ ಸಾಲು ಸೇರಿಸಿದರೆ ಆಯಿತು.

ಬೂಟ್ ಆದ ಮೇಲೂ ಇನ್‌ಸ್ಟಾಲರ್ ಪ್ರಶ್ನೆ ಕೇಳುತ್ತಿದ್ದರೆ ಬಹಳಷ್ಟು ಸಲ ಕಾರಣ ಒಂದು ಅರ್ಧವಿರಾಮ ಚಿಹ್ನೆ (;). ಉತ್ತರ ಕಡತ ಎಲ್ಲಿದೆ ಎಂದು ಹೇಳುವ ಬೂಟ್ ಸಾಲಿನಲ್ಲಿ 'ಡಿಎಸ್ ಸಮ ನೋಕ್ಲೌಡ್' ಎಂದು ಬರೆದು, ಅರ್ಧವಿರಾಮ ಹಾಕಿ, ನಂತರ ಫೋಲ್ಡರಿನ ದಾರಿ ಕೊಡಬೇಕಾಗುತ್ತದೆ. ಐಸೊಲಿನಕ್ಸ್ ಇದನ್ನು ಹಾಗೇ ಕರ್ನೆಲಿಗೆ ದಾಟಿಸುತ್ತಿತ್ತು. ಗ್ರಬ್ ಮಾತ್ರ ಅರ್ಧವಿರಾಮ ಕಂಡೊಡನೆ ಆಜ್ಞೆ ಅಲ್ಲಿಗೇ ಮುಗಿಯಿತೆಂದು ತಿಳಿಯುತ್ತದೆ, ಉಳಿದ ಭಾಗ ಕರ್ನೆಲಿಗೆ ತಲುಪುವುದೇ ಇಲ್ಲ. ಪರೀಕ್ಷಿಸುವುದು ಸುಲಭ: ಇನ್‌ಸ್ಟಾಲರ್ ನಿಂತ ಪರದೆಯಿಂದ ಆಲ್ಟ್ ಮತ್ತು ಎಫ್2 ಒತ್ತಿ ಶೆಲ್ಲಿಗೆ (ಆಜ್ಞೆ ಬರೆಯುವ ಪರದೆಗೆ) ಹೋಗಿ, ಪ್ರಾಕ್ ಫೋಲ್ಡರಿನ 'ಸಿಎಂಡಿಲೈನ್' ಕಡತವನ್ನು ತೆರೆದು ನೋಡಬೇಕು. ಸಾಲು 'ನೋಕ್ಲೌಡ್' ಎಂಬಲ್ಲಿಗೇ ತುಂಡಾಗಿದ್ದರೆ ರೋಗ ಸಿಕ್ಕಂತೆ. ಆ ಭಾಗವನ್ನು ಉದ್ಧರಣ ಚಿಹ್ನೆಯೊಳಗೆ ಹಾಕುವುದು ಮದ್ದು. ಹಿಂಬದಿ ಗೆರೆ (\) ಹಾಕಿಯೂ ತಪ್ಪಿಸಬಹುದು, ಆದರೆ ಸ್ಕ್ರಿಪ್ಟ್ ಆ ಸಾಲನ್ನು 'ಸೆಡ್' ಎಂಬ ಬರಹ ತಿದ್ದುವ ಆಜ್ಞೆಯ ಮೂಲಕ ಬದಲಿಸುತ್ತಿದ್ದರೆ ಸೆಡ್ ಆ ಗೆರೆಯನ್ನು ನುಂಗಿಬಿಡುತ್ತದೆ. ಆದ್ದರಿಂದ ಸ್ಕ್ರಿಪ್ಟಿನಲ್ಲಿ ಏನು ಬರೆದಿದ್ದೇವೆ ಎಂಬುದನ್ನು ನೋಡಿ ತೃಪ್ತಿಪಡಬಾರದು, ತಯಾರಾದ ಐಎಸ್‌ಒ ಒಳಗಿನ ಗ್ರಬ್ ಕಡತವನ್ನೇ ತೆರೆದು ಓದಬೇಕು.

ಕಡತ ಬದಲಿಸಿದ ಮೇಲೆ ಎಂಡಿ5 ಪಟ್ಟಿಯನ್ನೂ (ಕಡತಗಳು ಸರಿಯಿವೆಯೇ ಎಂದು ತಾಳೆ ನೋಡುವ ಮೊತ್ತಗಳು) ಹೊಸದಾಗಿ ಬರೆಯದಿದ್ದರೆ ಉಬುಂಟು ಬೂಟ್ ಆಗುವಾಗ ಡಿಸ್ಕಿನಲ್ಲಿ ದೋಷವಿದೆ ಎಂದು ಹೇಳುತ್ತದೆ. ಇನ್ನೊಂದು ಲಿನಕ್ಸ್ ಆದ ಡೆಬಿಯನ್ ಡಿಸ್ಕಿನ ಪಟ್ಟಿ ಬರೆಯುವಾಗ ಫೈಲ್ ಸಿಸ್ಟಂ ಸುತ್ತು ಬಂದಿದೆ ಎಂಬ ಎಚ್ಚರಿಕೆ ಬಂದರೆ ಗಾಬರಿ ಬೇಡ. ಆ ಡಿಸ್ಕಿನಲ್ಲಿ ತನ್ನನ್ನೇ ತೋರಿಸುವ ಒಂದು ಕೊಂಡಿ ಇರುತ್ತದೆ, ಅಷ್ಟೇ.

ಡೆಬಿಯನ್ನಿನ ಉತ್ತರ ಕಡತವಾದ ಪ್ರೀಸೀಡಿಗೂ ಒಂದು ಸೂಕ್ಷ್ಮವಿದೆ. ಅದನ್ನು ಡಿಸ್ಕಿನ ಮೇಲೆ ಇಟ್ಟರೆ, ಡಿಸ್ಕ್ ಮೌಂಟ್ ಆದ ನಂತರವೇ ಇನ್‌ಸ್ಟಾಲರ್ ಓದಲು ಸಾಧ್ಯ. ಭಾಷೆ, ದೇಶ, ಕೀಲಿಮಣೆಯ ಪ್ರಶ್ನೆಗಳು ಅದಕ್ಕಿಂತ ಮೊದಲೇ ಬರುವುದರಿಂದ ಆ ಮೂರನ್ನು ಮಾತ್ರ ಕೇಳುತ್ತಿದ್ದರೆ ಕಡತದಲ್ಲಿ ತಪ್ಪು ಹುಡುಕುವುದು ವ್ಯರ್ಥ. ಅವುಗಳ ಉತ್ತರವನ್ನು ಬೂಟ್ ಸಾಲಿನಲ್ಲೇ ಕೊಡಬೇಕು, ಇಲ್ಲವೇ ಪ್ರೀಸೀಡ್ ಕಡತವನ್ನು, ಕರ್ನೆಲ್ ಜೊತೆಗೇ ಮೊದಲು ಲೋಡ್ ಆಗುವ ಇನಿಟ್ ರ್‍ಯಾಮ್‌ಡಿಸ್ಕಿನೊಳಗೆ ಸೇರಿಸಬೇಕು.

ಆಲ್ಮಾಲಿನಕ್ಸ್, ರಾಕಿ, ಫೆಡೋರಾ ಎಂಬ ಲಿನಕ್ಸ್‌ಗಳನ್ನು ಬಳಸುವವರು ತಾವೇ ಸ್ಕ್ರಿಪ್ಟ್ ಬರೆಯುವ ಬದಲು ಲೋರ್ಯಾಕ್ಸ್ ಪ್ಯಾಕೇಜಿನಲ್ಲಿರುವ 'ಎಂಕೆಕೆಎಸ್‌ಐಸೊ' ಬಳಸುವುದೇ ಲೇಸು. ಈ ಡಿಸ್ಕ್‌ಗಳು ತಮ್ಮ ಎರಡನೆಯ ಹಂತವನ್ನು ಐಎಸ್‌ಒ ಲೇಬಲ್ ಮೂಲಕ ಹುಡುಕುತ್ತವೆ. ಕೈಯಾರೆ ಕಟ್ಟುವಾಗ ಲೇಬಲ್ ಒಂದು ಅಕ್ಷರ ಬದಲಾದರೂ, ಅದರಲ್ಲಿನ ಖಾಲಿ ಜಾಗವನ್ನು ಸರಿಯಾದ ಸಂಕೇತದಲ್ಲಿ ಬರೆಯದಿದ್ದರೂ, ಬೂಟ್ ಅರ್ಧಕ್ಕೆ ನಿಂತು ಬೂಟಿನ ಮೊದಲ ಹಂತ ನಡೆಸುವ ಡ್ರಾಕಟ್ಟಿನ ತುರ್ತು ಶೆಲ್ ಬರುತ್ತದೆ. ಇವುಗಳ ಉತ್ತರ ಕಡತವಾದ ಕಿಕ್‌ಸ್ಟಾರ್ಟನ್ನು 'ಕೆಎಸ್‌ವ್ಯಾಲಿಡೇಟರ್' ಮೂಲಕ ಮೊದಲೇ ಪರೀಕ್ಷಿಸಬಹುದೆಂಬುದು ಈ ಬಳಗದ ದೊಡ್ಡ ಅನುಕೂಲ.

ಒಳಗಿನ ವ್ಯವಸ್ಥೆಯನ್ನೇ ಬಿಚ್ಚಿ ಬದಲಿಸುವುದು

ಇಂಟರ್‌ನೆಟ್ ನಿಧಾನವಾಗಿರುವ, ಅಥವಾ ಇಲ್ಲದೆಯೇ ಇರುವ ಕಡೆ ಹೆಚ್ಚುವರಿ ಸಾಫ್ಟ್‌ವೇರನ್ನು ಡಿಸ್ಕಿನಲ್ಲೇ ತುಂಬಿಕೊಂಡು ಹೋಗಬೇಕಾಗುತ್ತದೆ. ಆಗ ಇಡೀ ವ್ಯವಸ್ಥೆಯನ್ನು ಒತ್ತಿಟ್ಟ ಸ್ಕ್ವ್ಯಾಶ್‌ಎಫ್‌ಎಸ್ ಕಡತವನ್ನು ಬಿಚ್ಚಿ, ಕ್ರೂಟ್ ಮಾಡಿ (ಬಿಚ್ಚಿದ ಫೋಲ್ಡರನ್ನೇ ಇಡೀ ವ್ಯವಸ್ಥೆಯಂತೆ ಬಳಸಿ) ಒಳಹೊಕ್ಕು, ಪ್ಯಾಕೇಜ್ ಹಾಕಿ, ಮತ್ತೆ ಒತ್ತಬೇಕು. ಇದಕ್ಕೆ ಕ್ಯೂಬಿಕ್ ಎಂಬ ಚಿತ್ರರೂಪದ ಸಾಧನವಿದೆ, ಕೈಯಿಂದ ಬರೆದ ಸ್ಕ್ರಿಪ್ಟ್‌ಗಳೂ ಇವೆ. ಉಬುಂಟು ಮಾತ್ರ ಸಾಕಾದರೆ ಕ್ಯೂಬಿಕ್ ಸಾಕು. ಆದರೆ ಏನೇನು ಮಾಡಿದೆವು ಎಂಬ ದಾಖಲೆ ಅದರಲ್ಲಿ ತಾನಾಗಿ ಉಳಿಯುವುದಿಲ್ಲ, ಆರು ತಿಂಗಳ ನಂತರ ಅದೇ ಡಿಸ್ಕ್ ಮತ್ತೆ ಬೇಕಾದಾಗ ನೆನಪಿನ ಮೇಲೆ ನಡೆಯಬೇಕಾಗುತ್ತದೆ.

ಕೈಬರಹದ ಸ್ಕ್ರಿಪ್ಟಿನ ನಿಜವಾದ ಅಪಾಯ ಬೇರೆಯೇ ಇದೆ. ಕ್ರೂಟ್ ಒಳಗೆ ಕೆಲಸ ನಡೆಯಲು ನಮ್ಮದೇ ಯಂತ್ರದ ಡೆವ್, ಪ್ರಾಕ್, ಸಿಸ್ ಫೋಲ್ಡರುಗಳನ್ನು ಅಲ್ಲಿಗೆ ಬೈಂಡ್ ಮೌಂಟ್ ಮಾಡಿರುತ್ತೇವೆ, ಅಂದರೆ ಅದೇ ಫೋಲ್ಡರುಗಳು ಅಲ್ಲಿಯೂ ಕಾಣುವಂತೆ ಜೋಡಿಸಿರುತ್ತೇವೆ. ಸ್ಕ್ರಿಪ್ಟ್ ನಡುವೆ ನಿಂತರೆ ಅವು ಹಾಗೇ ಉಳಿಯುತ್ತವೆ. ಆಮೇಲೆ 'ಹೊಸದಾಗಿ ಶುರು ಮಾಡೋಣ' ಎಂದು ಕೆಲಸದ ಫೋಲ್ಡರನ್ನು ರೂಟ್ ಅಧಿಕಾರದಿಂದ ಅಳಿಸಿದರೆ ಕಟ್ಟುವ ಯಂತ್ರದ ಡೆವ್ ಫೋಲ್ಡರೇ ಖಾಲಿಯಾಗುತ್ತದೆ. ಸ್ಕ್ರಿಪ್ಟ್ ಹೇಗೇ ಮುಗಿದರೂ ಮೌಂಟುಗಳನ್ನು ಬಿಡಿಸುವಂತೆ ಆರಂಭದಲ್ಲೇ 'ಟ್ರ್ಯಾಪ್' ಹಾಕಿರುವುದು, ಅಳಿಸುವ ಮೊದಲು 'ಫೈಂಡ್‌ಮೌಂಟ್' ಆಜ್ಞೆಯಿಂದ ಉಳಿದ ಮೌಂಟುಗಳನ್ನು ನೋಡುವುದು, ಅಳಿಸುವ ಆಜ್ಞೆಗೆ ಒಂದೇ ಫೈಲ್ ಸಿಸ್ಟಮಿನೊಳಗೆ ಉಳಿಯುವ ಆಯ್ಕೆ ಕೊಡುವುದು, ಈ ಮೂರೂ ಇಲ್ಲದ ಸ್ಕ್ರಿಪ್ಟನ್ನು ನಾನು ಯಾರ ಯಂತ್ರದಲ್ಲೂ ಓಡಿಸಲು ಹೇಳುವುದಿಲ್ಲ. ಓಡಿಸಲೇಬೇಕಾದರೆ ವರ್ಚುವಲ್ ಮಶೀನಿನೊಳಗೆ (ಯಂತ್ರದೊಳಗಿನ ತೋರಿಕೆಯ ಯಂತ್ರ) ಓಡಿಸಬೇಕು.

ಕನ್ನಡದ ಸಂಬಂಧ ಬರುವ ಒಂದು ದೋಷ ಇಲ್ಲಿಯೇ ಹೇಳಬೇಕಾದದ್ದು. ಬೇರೆ ದೇಶದವರು ಬರೆದ ಸ್ಕ್ರಿಪ್ಟಿನಲ್ಲಿ ಲೊಕೇಲ್ (ಭಾಷೆ ಮತ್ತು ದೇಶದ ಸೆಟ್ಟಿಂಗ್) ಕಡತದ ಇಂಗ್ಲಿಷ್ ಸಾಲನ್ನು ಚಾಲೂ ಮಾಡುವ ಸೆಡ್ ಆಜ್ಞೆ ಇರುತ್ತದೆ. ಅದರಲ್ಲಿ ಭಾಷೆಯ ಸಂಕೇತದ ನಂತರ ಚುಕ್ಕೆ ಹಾಕಿ 'ಯುಟಿಎಫ್-8' ಎಂದಿರುತ್ತದೆ. ಅದನ್ನೇ ನಕಲಿಸಿ ಕನ್ನಡದ ಸಂಕೇತ ಹಾಕಿದರೆ ಏನೂ ಆಗುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ. ಕಾರಣವೆಂದರೆ ಆ ಪಟ್ಟಿಯಲ್ಲಿ ಕನ್ನಡದ ಸಾಲು ಬರಿಯ 'ಕೆಎನ್ ಅಡಿಗೆರೆ ಐಎನ್' ಎಂದಿದ್ದು, ಚುಕ್ಕೆಯ ಭಾಗವಿಲ್ಲದೆ, ಒಂದು ಖಾಲಿ ಜಾಗದ ನಂತರ 'ಯುಟಿಎಫ್-8' ಬರುತ್ತದೆ. ಹೊಂದುವ ಸಾಲು ಸಿಗದಿದ್ದರೂ ಸೆಡ್ ತನ್ನ ಕೆಲಸ ಯಶಸ್ವಿಯಾಯಿತೆಂದೇ ವರದಿ ಮಾಡುತ್ತದೆ. ಹೀಗಾಗಿ ಬದಲಿಸಿದ ಕೂಡಲೇ 'ಗ್ರೆಪ್' ಮಾಡಿ (ಕಡತದಲ್ಲಿ ಹುಡುಕಿ), ಬೇಕಾದ ಸಾಲು ಇಲ್ಲದಿದ್ದರೆ ಸ್ಕ್ರಿಪ್ಟ್ ನಿಲ್ಲುವಂತೆ ಬರೆಯಬೇಕು. ಫಾಂಟುಗಳ ಮಟ್ಟಿಗೆ ಡೆಬಿಯನ್ ಮತ್ತು ಉಬುಂಟುಗಳಲ್ಲಿ ಗುಬ್ಬಿ, ನವಿಲು, ಲೋಹಿತ್ ಕನ್ನಡ, ನೋಟೊ ಎಲ್ಲವೂ ಪ್ಯಾಕೇಜುಗಳಾಗಿ ಸಿಗುತ್ತವೆ. ಕೀಲಿಮಣೆ ಬದಲಿಸಿಕೊಡುವ ಐಬಸ್ ಜೊತೆಗೆ ಎಂ17ಎನ್ ಪ್ಯಾಕೇಜ್ ಹಾಕಿದರೆ ಕೆಜಿಪಿ ಕೀಲಿಮಣೆಯೂ ಬರುವುದರಿಂದ ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಕಷ್ಟವಾಗುವುದಿಲ್ಲ.

ಕ್ರೂಟ್ ಒಳಗೆ ಪ್ಯಾಕೇಜ್ ಇಳಿಯದಿದ್ದರೆ ಮೊದಲು ಡಿಎನ್‌ಎಸ್ (ತಾಣದ ಹೆಸರಿನಿಂದ ವಿಳಾಸ ಹುಡುಕುವ ವ್ಯವಸ್ಥೆ) ನೋಡಿ, ಹೊರಗಿನ 'ರಿಸಾಲ್ವ್' ಕಡತ ಒಳಗೆ ಬಂದಿರುವುದಿಲ್ಲ.

ಬುನಾದಿಯಿಂದ ಕಟ್ಟುವ ಸಾಧನಗಳು

ಡೆಬಿಯನ್ನಿನ ಲೈವ್-ಬಿಲ್ಡ್ ಮೂಲ ಐಎಸ್‌ಒವನ್ನು ಬಿಚ್ಚುವುದಿಲ್ಲ, ಪ್ಯಾಕೇಜುಗಳಿಂದಲೇ ಹೊಸ ವ್ಯವಸ್ಥೆಯನ್ನು ಕಟ್ಟುತ್ತದೆ. ಪ್ಯಾಕೇಜ್ ಪಟ್ಟಿ, ಸೇರಿಸಬೇಕಾದ ಕಡತಗಳು, ಕಟ್ಟುವ ನಡುವೆ ಓಡುವ ಹುಕ್ ಸ್ಕ್ರಿಪ್ಟುಗಳು ಎಲ್ಲವೂ ಒಂದು ಫೋಲ್ಡರಿನಲ್ಲಿ ಬರಹವಾಗಿ ಇರುವುದರಿಂದ ಯಾರು ಬೇಕಾದರೂ ಮತ್ತೆ ಕಟ್ಟಬಹುದು. ಕಾಲೇಜಿನಲ್ಲಿ ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳ ಗುಂಪು ನಿರ್ವಹಿಸುವುದಾದರೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಪ್ಯಾಕೇಜಿನ ಹೆಸರು ಒಂದು ಬದಲಾದರೂ ಕಟ್ಟುವ ಕೆಲಸವೇ ನಿಲ್ಲುತ್ತದೆ, ಒಮ್ಮೆ ಕಟ್ಟುವುದಕ್ಕೆ ಗಂಟೆಗಳೇ ಹಿಡಿಯಬಹುದು. ಇನ್‌ಸ್ಟಾಲ್ ಮಾಡದೆ ಡಿಸ್ಕಿನಿಂದಲೇ ಓಡುವ ಲೈವ್ ವ್ಯವಸ್ಥೆ ಬೇಡ, ಡೆಬಿಯನ್ ಇನ್‌ಸ್ಟಾಲರೇ ಸಾಕು, ಅದಕ್ಕೆ ಕೆಲವು ಪ್ಯಾಕೇಜುಗಳು ಮತ್ತು ಪ್ರೀಸೀಡ್ ಸೇರಿದರಾಯಿತು ಎನ್ನುವವರಿಗೆ ಸಿಂಪಲ್-ಸಿಡಿಡಿ ಇದೆ.

ಇಲ್ಲಿ ಬರುವ ಮುಖ್ಯ ದೋಷ ಕೆಲಸದ ಜಾಗಕ್ಕೆ ಸಂಬಂಧಿಸಿದ್ದು. ಜಾಗ ಸಾಲದೆಂದು ವಿಂಡೋಸಿನ ಎನ್‌ಟಿಎಫ್‌ಎಸ್ ರೂಪದಲ್ಲಿರುವ ಹೊರಗಿನ ಹಾರ್ಡ್‌ಡಿಸ್ಕಿನಲ್ಲೋ, ವಿಂಡೋಸಿನೊಳಗಿನ ಲಿನಕ್ಸಿನಿಂದ ಸಿ ಡ್ರೈವಿನಲ್ಲೋ ಕಟ್ಟಲು ಹೊರಟರೆ ಕಡತಗಳ ಮಾಲೀಕತ್ವ, ಕೊಂಡಿಗಳು, ಡಿವೈಸ್ ನೋಡುಗಳು (ಯಂತ್ರಾಂಶವನ್ನು ಪ್ರತಿನಿಧಿಸುವ ಕಡತಗಳು) ಸರಿಯಾಗಿ ಉಳಿಯುವುದಿಲ್ಲ. ನೋಎಕ್ಸೆಕ್ (ಪ್ರೋಗ್ರಾಂ ಓಡಿಸುವಂತಿಲ್ಲ) ಅಥವಾ ನೋಡೆವ್ (ಡಿವೈಸ್ ನೋಡು ನಡೆಯುವುದಿಲ್ಲ) ಎಂದು ಮೌಂಟ್ ಆದ ಜಾಗದಲ್ಲಿ, ಮೂಲ ವ್ಯವಸ್ಥೆ ಕಟ್ಟುವ ಡೆಬ್‌ಬೂಟ್‌ಸ್ಟ್ರಾಪ್ ಕೆಲಸವನ್ನೇ ಶುರು ಮಾಡುವುದಿಲ್ಲ, ಕಾರಣವನ್ನೂ ಸ್ಪಷ್ಟವಾಗಿ ಹೇಳುತ್ತದೆ. ಲಾಗ್ ಉಳಿಸಲೆಂದು ಔಟ್‌ಪುಟ್ಟನ್ನು ಪರದೆಗೂ ಕಡತಕ್ಕೂ ಬರೆಯುವ 'ಟೀ' ಆಜ್ಞೆಗೆ ಕಳಿಸುವವರು 'ಪೈಪ್‌ಫೇಲ್' ಹಾಕಬೇಕು. ಇಲ್ಲದಿದ್ದರೆ ಕಟ್ಟುವುದು ವಿಫಲವಾದರೂ ಟೀ ಸಫಲವಾದ ಕಾರಣ ಸ್ಕ್ರಿಪ್ಟ್ ಮುಂದಿನ ಹಂತಕ್ಕೆ ಹೋಗಿ ಹಳೆಯ ಐಎಸ್‌ಒವನ್ನೇ ಹೊಸದೆಂದು ನಕಲಿಸುತ್ತದೆ.

ಗ್ರಬ್ಬನ್ನು ತಾವೇ ಕಟ್ಟುವ ಸ್ಕ್ರಿಪ್ಟ್‌ಗಳಿಗೆ ಸೆಕ್ಯೂರ್ ಬೂಟ್ ಅಡ್ಡಿಯಾಗುತ್ತದೆ. ಡೆಬಿಯನ್, ಉಬುಂಟುಗಳಂಥ ಲಿನಕ್ಸ್ ಹಂಚಿಕೆಯವರು ಕೊಡುವ ಶಿಮ್ (ಗ್ರಬ್ಬಿಗಿಂತ ಮೊದಲು ಓಡುವ ಪುಟ್ಟ ಪ್ರೋಗ್ರಾಂ) ಮತ್ತು ಗ್ರಬ್‌ಗೆ ಸಹಿ ಇರುತ್ತದೆ, ನಾವು ಕಟ್ಟಿದ್ದಕ್ಕೆ ಇರುವುದಿಲ್ಲ. ಸಹಿ ಇರುವ ಪ್ರತಿಯನ್ನೇ ನಕಲಿಸಿಟ್ಟರೆ ಪ್ರತಿ ಯಂತ್ರದ ಸೆಟಪ್ಪಿಗೆ ಹೋಗಿ ಸೆಕ್ಯೂರ್ ಬೂಟ್ ಆರಿಸುವ ಕೆಲಸ ತಪ್ಪುತ್ತದೆ.

ವಿಂಡೋಸ್ ಡಿಸ್ಕ್ ಕಟ್ಟುವಾಗ

ವಿಂಡೋಸ್ ಐಎಸ್‌ಒವನ್ನು ಲಿನಕ್ಸಿನಲ್ಲಿ ಬಿಚ್ಚಿದಾಗ ಒಂದೇ ಒಂದು ರೀಡ್‌ಮಿ ಕಡತ ಮಾತ್ರ ಬಂದರೆ, ಡಿಸ್ಕಿನಲ್ಲಿರುವ ಎರಡು ಫೈಲ್ ಸಿಸ್ಟಂಗಳ ಪೈಕಿ ಸ್ಕ್ರಿಪ್ಟ್ ಯುಡಿಎಫ್ ಭಾಗವನ್ನು ಬಿಟ್ಟು ಐಎಸ್‌ಒ 9660 ಭಾಗವನ್ನು ಓದಿದೆ ಎಂದು ಅರ್ಥ. ಮತ್ತೆ ಕಟ್ಟುವಾಗಲೂ ಯುಡಿಎಫ್ ಬೇಕು, ಕ್ಸಾರಿಸೊ ಅದನ್ನು ಬರೆಯುವುದಿಲ್ಲ. ಆದ್ದರಿಂದ ವಿಂಡೋಸ್ ಡಿಸ್ಕನ್ನು ವಿಂಡೋಸಿನಲ್ಲೇ, ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಎಡಿಕೆ ಎಂಬ ಸಾಧನಗಳ ಕಟ್ಟಿನೊಳಗಿನ 'ಆಸ್ಕ್‌ಡಿಇಮೇಜ್' ಬಳಸಿ ಕಟ್ಟುವುದು ಜಾಣತನ. ಅದಕ್ಕೆ ಬಯೋಸ್ ಮತ್ತು ಯುಇಎಫ್‌ಐ ಎರಡರ ಬೂಟ್ ಕಡತಗಳನ್ನೂ ಕೊಡಬೇಕು. 'ಯಾವುದಾದರೂ ಕೀ ಒತ್ತಿ' ಎಂಬ ಸಂದೇಶ ಬೇಡವೆಂದು ನೋ-ಪ್ರಾಂಪ್ಟ್ ಕಡತ ಹಾಕಿ, ಡಿಸ್ಕನ್ನು ಬೂಟ್ ಸರದಿಯಲ್ಲಿ ಮೊದಲು ಇಟ್ಟವರಿಗೆ ಇನ್‌ಸ್ಟಾಲ್ ಪ್ರತಿ ರಿಸ್ಟಾರ್ಟ್ ಆದಾಗಲೂ ಮೊದಲಿನಿಂದ ಶುರುವಾಗುತ್ತದೆ.

ಡ್ರೈವರ್ ಸೇರಿಸುವಲ್ಲಿ ಇನ್ನೊಂದು ಗೊಂದಲ. ವಿಂಡೋಸಿನ ಇಮೇಜ್ ಇರುವ ಇನ್‌ಸ್ಟಾಲ್ ಡಬ್ಲ್ಯುಐಎಂ ಕಡತಕ್ಕೆ ಸ್ಟೋರೇಜ್ ಡ್ರೈವರ್ ಸೇರಿಸಿದರೂ ಇಂಟೆಲ್ 11ನೆಯ ಪೀಳಿಗೆ ಮತ್ತು ನಂತರದ ಹಲವು ಲ್ಯಾಪ್‌ಟಾಪುಗಳಲ್ಲಿ ಸೆಟಪ್ಪಿಗೆ ಡಿಸ್ಕೇ ಕಾಣುವುದಿಲ್ಲ. ಸೆಟಪ್ ಓಡುವುದು ಬೂಟ್ ಡಬ್ಲ್ಯುಐಎಂ ಕಡತದ ಎರಡನೆಯ ಇಂಡೆಕ್ಸಿನಿಂದ, ಅಲ್ಲಿಗೂ ಡ್ರೈವರ್ ಸೇರಬೇಕು. ಇನ್ನೂ ಹೆಚ್ಚು ಒತ್ತಿದ ಇಎಸ್‌ಡಿ ರೂಪದಲ್ಲಿ ಬಂದ ಇಮೇಜನ್ನು ನೇರವಾಗಿ ತಿದ್ದಲಾಗದು, ಮೊದಲು ಡಬ್ಲ್ಯುಐಎಂಗೆ ಎಕ್ಸ್‌ಪೋರ್ಟ್ ಮಾಡಬೇಕು. ಕಡತ 4 ಜಿಬಿ ಮೀರಿದರೆ ಫ್ಯಾಟ್32 ಪೆನ್‌ಡ್ರೈವಿನಲ್ಲಿ ಕೂರುವುದಿಲ್ಲ, ವಿಂಡೋಸಿನದೇ ಆದ ಡಿಸ್ಮ್ ಆಜ್ಞೆಯ ಮೂಲಕ ತುಂಡು ಮಾಡಬೇಕಾಗುತ್ತದೆ. ಹಿಂದಿನ ಸಲ ಅರ್ಧಕ್ಕೆ ನಿಂತ ಡಿಸ್ಮ್ ಮೌಂಟ್ ಹೊಸದಕ್ಕೆ ಅಡ್ಡ ಬಂದರೆ 'ಕ್ಲೀನಪ್-ಮೌಂಟ್‌ಪಾಯಿಂಟ್ಸ್' ಇದೆ. ಆಂಟಿವೈರಸ್ ಕಡತ ಹಿಡಿದುಕೊಂಡಿದ್ದರಿಂದಲೂ ಬಿಡಿಸುವುದು ವಿಫಲವಾಗುತ್ತದೆ. ಸೆಟಪ್ಪಿನ ದೋಷಗಳು ಪ್ಯಾಂಥರ್ ಫೋಲ್ಡರಿನ ಲಾಗುಗಳಲ್ಲಿ ಸಿಗುತ್ತವೆ.

ಯಾರಿಗೆ ಯಾವುದು

ಯಾವ ವಿಧಾನ ಆರಿಸಿದರೂ ಕೆಲವು ಸಂಗತಿಗಳು ಸಮಾನ. ವಿಂಡೋಸಿನ ನೋಟ್‌ಪ್ಯಾಡಿನಲ್ಲಿ ತಿದ್ದಿದ ಸ್ಕ್ರಿಪ್ಟ್ ಲಿನಕ್ಸಿನಲ್ಲಿ 'ಬ್ಯಾಡ್ ಇಂಟರ್‌ಪ್ರಿಟರ್' ಎಂದು ದೂರಿದರೆ ಸಾಲಿನ ಕೊನೆಯ ಚಿಹ್ನೆಗಳು ಬದಲಾಗಿವೆ, 'ಡಾಸ್‌ಟುಯುನಿಕ್ಸ್' ಓಡಿಸಬೇಕು. ಮೂಲ ಐಎಸ್‌ಒದ ಶಾ256 ಮೊತ್ತವನ್ನು (ಕಡತ ಕೆಟ್ಟಿಲ್ಲವೆಂದು ತಾಳೆ ನೋಡುವ ಸಂಕೇತ) ಸ್ಕ್ರಿಪ್ಟೇ ಪರೀಕ್ಷಿಸಲಿ. ಕರೆಂಟ್ ಹೋಗುವ ಸಾಧ್ಯತೆ ಇರುವಲ್ಲಿ ಐಎಸ್‌ಒವನ್ನು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಪೂರ್ತಿಯಾದ ಮೇಲಷ್ಟೇ ನಿಜವಾದ ಹೆಸರಿಗೆ ಬದಲಿಸಿದರೆ ಅರ್ಧ ಬರೆದ ಕಡತ ಪೆನ್‌ಡ್ರೈವಿಗೆ ಹೋಗುವುದಿಲ್ಲ. ಪರೀಕ್ಷೆಯನ್ನು ಕ್ಯೂಇಎಂಯು ಎಂಬ ವರ್ಚುವಲ್ ಮಶೀನಿನಲ್ಲಿ ಎರಡು ಸಲ, ಒಮ್ಮೆ ಬಯೋಸಿನಲ್ಲಿ ಒಮ್ಮೆ ಅದಕ್ಕೆಂದೇ ಇರುವ ಯುಇಎಫ್‌ಐ ತಂತ್ರಾಂಶವಾದ ಓವಿಎಂಎಫ್ ಕೊಟ್ಟು ಯುಇಎಫ್‌ಐಯಲ್ಲಿ ಮಾಡಬೇಕು. ಡಿವಿಡಿಗೇ ಬರೆಯುವವರು ಗಾತ್ರ ನೋಡಿಕೊಳ್ಳಲಿ: ಒಂದು ಪದರದ ಡಿವಿಡಿಯಲ್ಲಿ 4.7 ಜಿಬಿ ಮಾತ್ರ ಹಿಡಿಯುತ್ತದೆ, ಉಬುಂಟು 24.04 ಡೆಸ್ಕ್‌ಟಾಪ್ ಅದರಲ್ಲಿ ಕೂರುವುದಿಲ್ಲ.

ಧಾರವಾಡದ ಕಾಲೇಜು ಲ್ಯಾಬಿಗೆ, ಒಂದೇ ಮಾದರಿಯ ಯಂತ್ರಗಳಿದ್ದು ಒಳ್ಳೆಯ ನೆಟ್ ಇದ್ದರೆ, ಕ್ಸಾರಿಸೊ ರಿಪ್ಲೇ ಸ್ಕ್ರಿಪ್ಟ್ ಮತ್ತು ಆಟೊಇನ್‌ಸ್ಟಾಲ್ ಸಾಕು. ಉಳಿದ ಪ್ಯಾಕೇಜುಗಳನ್ನು ಇನ್‌ಸ್ಟಾಲ್ ಆದ ಮೇಲೆ ನೆಟ್ ಮೂಲಕ ಹಾಕಿಸಬಹುದು. ಹುಬ್ಬಳ್ಳಿಯಲ್ಲಿ ರಿಪೇರಿ ಅಂಗಡಿ ನಡೆಸುವವರಿಗೆ ವೆಂಟಾಯ್ ಪೆನ್‌ಡ್ರೈವ್, ಅದರ ಜೊತೆಗೆ ಮುಟ್ಟದ ಮೂಲ ಐಎಸ್‌ಒಗಳು. ಗದಗಿನ ಮುದ್ರಣಾಲಯಕ್ಕೆ ನುಡಿಯ ಹಳೆಯ ಫಾಂಟುಗಳಲ್ಲಿ ವರ್ಷಗಟ್ಟಲೆಯ ಕಡತಗಳಿದ್ದು ವಿಂಡೋಸ್ ಬಿಡಲಾಗದಿದ್ದರೆ, ಆಟೊಅನಟೆಂಡ್ ಕಡತದಲ್ಲೇ ನಿಲ್ಲಿಸಿ. ಡಬ್ಲ್ಯುಐಎಂ ಬಿಚ್ಚುವುದು ಡ್ರೈವರಿನ ಕೊರತೆ ಕಂಡಾಗ ಮಾತ್ರ. ಹಾವೇರಿ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ನೆಟ್ ಇಲ್ಲದೆ ಹಾಕಬೇಕಾದರೆ ಸಿಂಪಲ್-ಸಿಡಿಡಿ ಅಥವಾ ಲೈವ್-ಬಿಲ್ಡ್‌ನ ಶ್ರಮ ಸಾರ್ಥಕ. ಅಲ್ಲಿನ ಯಂತ್ರಗಳು 32 ಬಿಟ್ಟಿನವಾಗಿದ್ದರೆ ಮಾತ್ರ ಡೆಬಿಯನ್ 13 ನಡೆಯುವುದಿಲ್ಲ, ಅದಕ್ಕೆ 32 ಬಿಟ್ ಇನ್‌ಸ್ಟಾಲರೇ ಇಲ್ಲ. ಡೆಬಿಯನ್ 12ರ ಮೇಲೆ ಕಟ್ಟಬೇಕು.